ಪಿಯುಸಿಯಲ್ಲಿ 46 ಪರ್ಸೆಂಟ್, ಫಾರ್ಮಸಿ ಓದಬಹುದಾ?

ಹಾವೇರಿ ಹುಡುಗಿ: ಪಿಸಿಬಿ (ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ) ತಗೊಂಡಿದ್ದೆ. ಕೆಮಿಸ್ಟ್ರಿ ಮೊದಲು ಹೋಗಿತ್ತು, ಪರೀಕ್ಷೆ-2ರಲ್ಲಿ ಪಾಸಾದೆ. ಸಿಇಟಿ ಬರೆದಿಲ್ಲ. ಎರಡು ವರ್ಷದಿಂದ ಸಂಜೆ ಮಾಮಾನ ಮೆಡಿಕಲ್ ಶಾಪಿನಲ್ಲಿ ಕೂರುತ್ತೇನೆ. ಅಜ್ಜಿಯೊಬ್ಬರು ಖಾಲಿ ಸ್ಟ್ರಿಪ್ಪನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು "ಇದನ್ನ ಕೊಡವ್ವ" ಅನ್ನುತ್ತಾರೆ. ಅದು ಬಿಪಿಗಾ, ಶುಗರ್‌ಗಾ ಅಂತ ಅವರಿಗೇ ಗೊತ್ತಿಲ್ಲ. ಅವರಿಗೆ ಸರಿಯಾಗಿ ತಿಳಿಸಿ ಹೇಳೋಕೆ ನಾನು ಓದಲೇಬೇಕು.

ಡಿ ಫಾರ್ಮಾ ಅಕ್ಕ: ಖಂಡಿತ ಓದಬಹುದು ತಂಗಿ. ನನ್ನದೂ ಕಡಿಮೆ ಮಾರ್ಕ್ಸೇ. ಡಿ ಫಾರ್ಮಾ, ಅಂದ್ರೆ ಫಾರ್ಮಸಿ ಡಿಪ್ಲೊಮಾಕ್ಕೆ ಪಿಸಿಬಿ ಅಥವಾ ಪಿಸಿಎಂ (ಬಯಾಲಜಿ ಬದಲು ಮ್ಯಾಥ್ಸ್) ಪಾಸಾಗಿದ್ದರೆ ಅರ್ಜಿ ಹಾಕಬಹುದು. ಎರಡು ವರ್ಷ ಓದು, ಆಮೇಲೆ 500 ಗಂಟೆ ಟ್ರೈನಿಂಗ್. ಮುಂದೆ ಬಿ ಫಾರ್ಮಾ (ಫಾರ್ಮಸಿ ಡಿಗ್ರಿ) ಎರಡನೇ ವರ್ಷಕ್ಕೆ ನೇರವಾಗಿ ಸೇರುವ ದಾರಿಯೂ ಇದೆ. ನಾನು ಹಾಗೇ ಹೋದೆ. ಈಗಿನಿಂದಲೇ ದಿನಾ ಅರ್ಧ ಗಂಟೆ ಆರ್ಗ್ಯಾನಿಕ್ ಕೆಮಿಸ್ಟ್ರಿ ನೋಡು. ನಾನು ಜಾಸ್ತಿ ಅತ್ತಿದ್ದು ಅದಕ್ಕೇ.

ಧಾರವಾಡದವ: ಕಾಲೇಜಿಗೆ ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾದ ಮಾನ್ಯತೆ ಇದೆಯಾ ಅಂತ ಅವರ ವೆಬ್‌ಸೈಟಿನಲ್ಲೇ ನೋಡಿ. "ಕ್ಲಾಸಿಗೆ ಬರೋದು ಬೇಡ" ಅನ್ನುವ ಏಜೆಂಟರಿಗೆ ಸುಮ್ನೆ ದುಡ್ಡು ಕೊಡಬೇಡಿ.

ಹಾವೇರಿ ಹುಡುಗಿ: ಅಕ್ಕ, ಕೆಮಿಸ್ಟ್ರಿ ಪುಸ್ತಕ ಮತ್ತೆ ತೆಗೆದಿದ್ದೇನೆ. ಯಾವ ಪಾಠದಿಂದ ಶುರು ಮಾಡಲಿ?