ಮಗ ಒಂದು ವರ್ಷ ಕಾಡಿನ ಕೆಲಸಕ್ಕೆ ಹೋಗ್ತೀನಿ ಅಂತಾನೆ, ಹೋಗಿ ಬಂದವರು ಹೇಳಿ

ಕೇಳಿದ್ದು: ಸ್ಯಾನ್ ಹೋಸೆಯ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ಮಗನಿಗೆ 19. ಹೈಸ್ಕೂಲ್ ಮುಗಿಸಿ ಒಂದು ವರ್ಷ ಕಮ್ಯುನಿಟಿ ಕಾಲೇಜಿಗೆ ಹೋದ, ಈಗ ಓದು ಬೇಡ ಅಂತ ಕೂತಿದ್ದಾನೆ. ಕ್ಯಾಲಿಫೋರ್ನಿಯಾ ಕನ್ಸರ್ವೇಶನ್ ಕೋರ್ (ಯುವಕ ಯುವತಿಯರಿಗೆ ಸಂಬಳ ಕೊಟ್ಟು ಕಾಡು, ಹೊಳೆಯ ಕೆಲಸ ಮಾಡಿಸುವ ರಾಜ್ಯ ಸರ್ಕಾರದ ಸಂಸ್ಥೆ) ಸೇರಿ, ಅವರ ಸೆಂಟರ್‌ನಲ್ಲೇ ಉಳಿದು ಒಂದು ವರ್ಷ ಕೆಲಸ ಮಾಡುತ್ತಾನಂತೆ. ನಮ್ಮನೆಯವರದು ಒಂದೇ ಮಾತು: "ಗುದ್ದಲಿ ಹಿಡಿಯೋಕೆ ಇಷ್ಟು ದೂರ ಬರಬೇಕಿತ್ತಾ?" ಸಾಲದ್ದಕ್ಕೆ ಅವರ ಘೋಷಣೆಯೇ "ಕಷ್ಟದ ಕೆಲಸ, ಕಡಿಮೆ ಸಂಬಳ, ದರಿದ್ರ ಪರಿಸ್ಥಿತಿ, ಇನ್ನೂ ಏನೇನೋ!" ನಗಬೇಕೋ ಅಳಬೇಕೋ ಗೊತ್ತಾಗುತ್ತಿಲ್ಲ. ರೂಮು ಹೇಗೆ, ಊಟ ಹೇಗೆ (ನಾವು ಸಸ್ಯಾಹಾರಿಗಳು), ಏನು ಕಲಿಸುತ್ತಾರೆ, ಮುಂದೆ ದಾರಿ ಇದೆಯಾ? ತಿಳಿದವರು ಹೇಳಿ.

ಫೋರ್ಚೂನಾ ಸೆಂಟರ್‌ನಲ್ಲಿ ಒಂದು ವರ್ಷ ಇದ್ದವಳು

ಆಂಟಿ, ನಾನು ಹೊರಟಾಗ ನಮ್ಮಮ್ಮ ಮೂರು ದಿನ ಸರಿಯಾಗಿ ಮಾತಾಡಿರಲಿಲ್ಲ. ಹಾಗಾಗಿ ನಿಮ್ಮ ಪರಿಸ್ಥಿತಿ ಅರ್ಥವಾಗುತ್ತದೆ.

ಕಾಡಿನ ಕೆಲಸ ಅಂದರೆ ಗಿಡ ನೆಡುವುದು ಅಂದುಕೊಂಡು ಹೋಗಿದ್ದೆ. ಒಂದೊಂದು ಸೆಂಟರ್‌ಗೆ ಒಂದೊಂದು ಥರದ ಕೆಲಸ. ಕೆಲವು ಕಡೆ ಪೂರ್ತಿ ಕಾಡ್ಗಿಚ್ಚಿನ ಕೆಲಸವೇ, ಕೆಲವು ಕಡೆ ಕಾಲುದಾರಿ ಕಡಿಯುವುದು, ಪ್ರವಾಹ ಬಂದಾಗ ಮರಳಿನ ಚೀಲ ತುಂಬುವುದು. ನನ್ನ ಪಾಲಿಗೆ ಬಂದಿದ್ದು ಹೊಳೆ. ಸಾಲ್ಮನ್ ಮೀನಿನ ಮರಿಗಳಿಗೆ ನೆರಳಿರುವ ಆಳದ ಮಡು ಬೇಕು. ಹಿಂದೆಲ್ಲ ಹೊಳೆಗೆ ಬಿದ್ದ ಮರಗಳನ್ನು ಅಡ್ಡಿ ಅಂತ ಎಳೆದು ಹಾಕಿದ್ದರು, ಮಡುಗಳೂ ಹೋದವು. ಈಗ ಮರಗಳನ್ನು ವಾಪಸ್ ಹಾಕುವ ಕೆಲಸ. ದಿಮ್ಮಿಗೆ ಉಕ್ಕಿನ ಹಗ್ಗ ಬಿಗಿದು, ಗಟ್ಟಿ ಮರವೊಂದಕ್ಕೆ ಕೈ ರಾಟೆಯಂಥ ಯಂತ್ರ ಕಟ್ಟಿ, ಅದರ ಹಿಡಿಯನ್ನು ಹಿಂದಕ್ಕೆ ಮುಂದಕ್ಕೆ ಎಳೆಯುತ್ತಾ ಇರಬೇಕು. ಒಂದು ಎಳೆತಕ್ಕೆ ದಿಮ್ಮಿ ಒಂದೆರಡು ಬೆರಳಷ್ಟು ಸರಿಯುತ್ತದೆ. ಮಂಡಿವರೆಗೆ ತಣ್ಣೀರು. ಮೊದಲ ದಿಮ್ಮಿಯನ್ನು ಅದರ ಜಾಗಕ್ಕೆ ತರಲು ನಮಗೆ ಒಂದು ಇಡೀ ಬೆಳಗ್ಗೆ ಹಿಡಿಯಿತು. ಮಳೆಗಾಲ ಕಳೆದ ಮೇಲೆ ಅದೇ ಜಾಗಕ್ಕೆ ಹೋದೆವು. ದಿಮ್ಮಿಯ ಬುಡದಲ್ಲಿ ನೀರು ಕೊರೆದು ಸೊಂಟದ ಆಳಕ್ಕೆ ಮಡು ಮಾಡಿತ್ತು. ನಮ್ಮ ತಂಡದ ಒಬ್ಬ ಬಟ್ಟೆ ಸಮೇತ ಅದರಲ್ಲಿ ಇಳಿದುಬಿಟ್ಟ, ಆಳ ನೋಡೋಕೆ ಅಂತ.

ಆದರೆ ಆಂಟಿ, ಜನರಿಗೆ ಸಾಕಾಗುವುದು ಕೆಲಸದಿಂದಲ್ಲ, ರೂಮಿನಿಂದ. ಬೆಳಗಿನ ಜಾವ ಎದ್ದು ವ್ಯಾಯಾಮ, ತಿಂಡಿ, ಮಧ್ಯಾಹ್ನದ ಬುತ್ತಿ ನೀವೇ ಕಟ್ಟಿಕೊಳ್ಳುವುದು, ಗಾಡಿ ಹತ್ತುವುದು. ಇದಕ್ಕೆಲ್ಲ ಎರಡು ವಾರದಲ್ಲಿ ಮೈ ಒಗ್ಗುತ್ತದೆ. ಸಂಜೆ ಬಂದರೆ ರೂಮಲ್ಲಿ ಪರಿಚಯವಿಲ್ಲದವರು. ಒಬ್ಬಳಿಗೆ ಕಿಟಕಿ ತೆರೆದಿರಬೇಕು, ಇನ್ನೊಬ್ಬಳಿಗೆ ಮುಚ್ಚಿರಬೇಕು. ಸ್ನಾನದ ಮನೆ ತೊಳೆಯುವ ಸರದಿ, ಹಾಸಿಗೆ ಮಡಿಸಿದ್ದೀಯಾ ಅಂತ ತಪಾಸಣೆ. ಮನೆಯಲ್ಲಿ ತಟ್ಟೆ ಎತ್ತದೆ ಬೆಳೆದವರಿಗೆ (ನನ್ನನ್ನೂ ಸೇರಿಸಿ) ಇದೇ ದೊಡ್ಡ ಪೆಟ್ಟು. ಈಗಿನಿಂದಲೇ ಅವನ ಬಟ್ಟೆ ಅವನೇ ಒಗೆದುಕೊಳ್ಳಲಿ. ಮದ್ಯ, ಗಾಂಜಾ ಸೆಂಟರ್ ಒಳಗೆ ನಡೆಯಲ್ಲ. 21 ದಾಟಿದವರಿಗೆ ಹೊರಗೆ ಕಾನೂನು ಏನೇ ಹೇಳಲಿ, ಇಲ್ಲಿ ಮನೆಗೆ ಕಳಿಸುತ್ತಾರೆ.

ಎರಡು ತಪ್ಪು ನಾನು ಮಾಡಿದ್ದು. ಚರ್ಮದ ಎಂಟು ಇಂಚು ಎತ್ತರದ ಬೂಟನ್ನು ಡಬ್ಬದಿಂದ ತೆಗೆದು ಮೊದಲ ದಿನವೇ ಹಾಕಿಕೊಂಡೆ. ಸಂಜೆ ಸಾಕ್ಸ್ ಬಿಚ್ಚಿದಾಗ ಹಿಮ್ಮಡಿಯ ಚರ್ಮವೂ ಜೊತೆಗೇ ಬಂತು. ಮೂರು ವಾರ ಮೊದಲೇ ಕೊಂಡು ಮನೆಯಲ್ಲಿ ಹಾಕಿಕೊಂಡು ಓಡಾಡಲಿ. ಇನ್ನೊಂದು, ಪಾಯ್ಸನ್ ಓಕ್. ಮೂರು ಮೂರು ಎಲೆಯ ಗಿಡ. ಮೈಗೆ ತಾಗಿದರೆ ತುರಿಕೆ, ಬೊಬ್ಬೆ ಬರಿಸುವ ಅದರ ಎಣ್ಣೆ ಬಟ್ಟೆಗೆ, ಹತಾರಕ್ಕೆ, ಬೂಟಿನ ದಾರಕ್ಕೆ ಅಂಟಿಕೊಂಡು ಎಷ್ಟೋ ದಿನ ಉಳಿಯುತ್ತದೆ. ಗಿಡ ಮುಟ್ಟದೆ ಜಾಣತನ ಮಾಡಿದೆ, ಆಮೇಲೆ ಅದೇ ಅಂಗಿಯ ತೋಳಿನಲ್ಲಿ ಮುಖದ ಬೆವರು ಒರೆಸಿಕೊಂಡೆ. ಒಂದು ವಾರ ಕಣ್ಣು ಬಿಡೋಕಾಗಲಿಲ್ಲ.

ಮಗನನ್ನು ಕಳಿಸಿದ ಅಪ್ಪ

ತಂಗಿ, ನಮ್ಮ ಮನೆಯಲ್ಲಿ ಗುದ್ದಲಿ ಮಾತು ಆಡಿದವನು ನಾನೇ. ಅದು ಗುದ್ದಲಿಯಲ್ಲ, ಪುಲಾಸ್ಕಿ ಅಂತ ಮಗ ತಿದ್ದಿದ. ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಅಡ್ಡ ಬಾಯಿಯ ಗುದ್ದಲಿ. ಅಂದರೆ ಅರ್ಧ ಗುದ್ದಲಿ. ನಾನು ಅರ್ಧ ಗೆದ್ದೆ.

ದುಡ್ಡಿನ ಲೆಕ್ಕ ಮೊದಲೇ ತಿಳಿದುಕೊಳ್ಳಿ. ರಾಜ್ಯದ ಕನಿಷ್ಠ ವೇತನದ ಆಸುಪಾಸು. ಸೆಂಟರ್‌ನಲ್ಲಿ ಉಳಿದರೆ ಊಟ ವಸತಿಗೆ ಸಂಬಳದಲ್ಲೇ ಹಿಡಿಯುತ್ತಾರೆ. ಕೈಗೆ ಬರುವುದು ಕಡಿಮೆ, ಆದರೆ ಖರ್ಚು ಮಾಡಲು ಅಲ್ಲಿ ಅಂಗಡಿಯೂ ಇಲ್ಲ. 1933ರಲ್ಲಿ ರೂಸ್‌ವೆಲ್ಟ್ ಶುರು ಮಾಡಿದ ಹಳೆಯ ಸಿವಿಲಿಯನ್ ಕನ್ಸರ್ವೇಶನ್ ಕೋರ್‌ನಲ್ಲಿ ಹುಡುಗರಿಗೆ ತಿಂಗಳಿಗೆ 30 ಡಾಲರ್, ಅದರಲ್ಲಿ 25 ನೇರ ಮನೆಗೆ ಹೋಗುತ್ತಿತ್ತಂತೆ. ಕ್ಯಾಲಿಫೋರ್ನಿಯಾದವರು 1976ರಲ್ಲಿ, ಜೆರ್ರಿ ಬ್ರೌನ್ ಗವರ್ನರ್ ಆಗಿದ್ದಾಗ, ಅದೇ ಮಾದರಿಯಲ್ಲಿ ಇದನ್ನು ಶುರು ಮಾಡಿದರು. ದುಡ್ಡು ಮನೆಗೆ ಕಳಿಸುವ ನಿಯಮ ಮಾತ್ರ ಬಿಟ್ಟುಬಿಟ್ಟರು, ನೋಡಿ.

ಕೆಲವು ಪ್ರಾಜೆಕ್ಟ್‌ಗಳು ಅಮೆರಿಕಾರ್ಪ್ಸ್ (ಕೇಂದ್ರ ಸರ್ಕಾರದ ಸೇವಾ ಯೋಜನೆ) ಕೆಳಗೆ ಬರುತ್ತವೆ. ಅದರಲ್ಲಿ ಹೆಸರು ಇದ್ದು, ಹೇಳಿದಷ್ಟು ಗಂಟೆ ಮುಗಿಸಿದರೆ ಕಾಲೇಜಿಗೆ ಕಟ್ಟಲು ಬೇರೆ ಹಣ ಸಿಗುತ್ತದೆ. ಅದಕ್ಕೆ ಸಿಟಿಜನ್ ಆಗಿರಬೇಕು ಅಥವಾ ಗ್ರೀನ್ ಕಾರ್ಡ್ ಇರಬೇಕು. ನಮ್ಮವರಲ್ಲಿ ವೀಸಾ ಮೇಲಿರುವ ಮಕ್ಕಳು ಜಾಸ್ತಿ, ಅದಕ್ಕೇ ಹೇಳಿದೆ. ಇನ್ನೊಂದು, ಆ ಹಣ ಬಳಸಿದ ವರ್ಷ ಅದು ಆದಾಯ ಅಂತಲೇ ಲೆಕ್ಕ. ತೆರಿಗೆ ಕಟ್ಟುವಾಗ ನಾನು ಪೆಚ್ಚಾದೆ.

ತರಬೇತಿ ಎಲ್ಲರಿಗೂ ತಟ್ಟೆಯಲ್ಲಿಟ್ಟು ಕೊಡಲ್ಲ. ಅಳೋ ಮಗುವಿಗೇ ಹಾಲು. ನಮ್ಮವನು ಕೇಳಿ ಕೇಳಿ ಚೈನ್‌ಸಾ (ಮರ ಕೊಯ್ಯುವ ಯಂತ್ರದ ಗರಗಸ) ಕೋರ್ಸ್‌ಗೆ ಹೋದ, ಆಮೇಲೆ ಬೆಂಕಿ ತಂಡಕ್ಕೆ. ಅದಕ್ಕೆ ಒಂದು ನಡಿಗೆ ಪರೀಕ್ಷೆ ಇದೆ: 45 ಪೌಂಡ್ ಭಾರ ಹೊತ್ತು 3 ಮೈಲಿ, 45 ನಿಮಿಷದೊಳಗೆ, ಓಡುವ ಹಾಗಿಲ್ಲ. ನಮ್ಮ ಬೀದಿಯಲ್ಲಿ ಅಕ್ಕಿ ಮೂಟೆಗಳನ್ನು ಬ್ಯಾಗಿಗೆ ತುಂಬಿಕೊಂಡು ಅಭ್ಯಾಸ ಮಾಡುತ್ತಿದ್ದ. ಪಕ್ಕದ ಮನೆಯವರು ಏನಂದುಕೊಂಡರೋ. ಈಗ ಬೇಸಿಗೆಯ ಬೆಂಕಿ ಕೆಲಸ ಮಾಡಿಕೊಂಡು ಫಾರೆಸ್ಟ್ರಿ ಓದುತ್ತಿದ್ದಾನೆ.

ನಾಲ್ಕು ತಿಂಗಳಿಗೇ ಬಿಟ್ಟು ಬಂದವನು

ಬೇರೆ ಥರದ್ದೂ ಒಂದು ಇರಲಿ. ನನಗೆ ಕಾಡೂ ಬೇಕಿರಲಿಲ್ಲ, ತರಬೇತಿಯೂ ಬೇಕಿರಲಿಲ್ಲ. ಮನೆಯಿಂದ ತಪ್ಪಿಸಿಕೊಳ್ಳಬೇಕಿತ್ತು, ಅಷ್ಟೇ. ಮೊದಲ ತಿಂಗಳು ಸ್ವರ್ಗ. ಆಮೇಲೆ ದಿನಾ ಒಣಗಿದ ಪೊದೆ ಕಡಿದು ರಾಶಿ ಹಾಕುವುದು, ಮರುದಿನ ಇನ್ನೊಂದು ರಾಶಿ. ಪಕ್ಕದಲ್ಲಿ ಕಡಿಯುತ್ತಿದ್ದವನಿಗೆ ಬೆಂಕಿ ಹರಡದಂತೆ ಮಾಡುವ ಲೆಕ್ಕ ಗೊತ್ತಿತ್ತು, ಯಾವ ಪೊದೆ ಬಿಡಬೇಕು, ಯಾವುದು ಬೇಡ ಅಂತ ಕೇಳಿ ಕೇಳಿ ತಿಳಿದುಕೊಳ್ಳುತ್ತಿದ್ದ. ನಾನು ಗಡಿಯಾರ ನೋಡುತ್ತಿದ್ದೆ. ಯಾರದೂ ತಪ್ಪಿಲ್ಲ. ಆಂಟಿ, ಅವನು ಯಾಕೆ ಹೋಗುತ್ತಿದ್ದಾನೆ ಅಂತ ಒಮ್ಮೆ ಕೇಳಿ. ಅಪ್ಪನ ಎದುರಿಗೆ ಕೇಳಬೇಡಿ.

ಬ್ಯಾಕ್‌ಕಂಟ್ರಿ ಮಾಡಿದವಳು

ಊಟದ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಸೆಂಟರ್ ಊಟದ ಮನೆಯಲ್ಲಿ ಸಸ್ಯಾಹಾರಿಗಳಿಗೆ ಉಪವಾಸ ಬೀಳುವುದಿಲ್ಲ. ಅನ್ನ, ಬೀನ್ಸ್, ತರಕಾರಿ ಇರುತ್ತದೆ. ರುಚಿ ಕೇಳಬೇಡಿ. ಕಷ್ಟ ಸ್ಪೈಕ್‌ನಲ್ಲಿ. ಸ್ಪೈಕ್ ಅಂದರೆ ಸೆಂಟರ್ ಬಿಟ್ಟು ಕೆಲಸದ ಜಾಗದಲ್ಲೇ ಎಷ್ಟೋ ದಿನ ಟೆಂಟ್ ಹಾಕಿ ಇರುವುದು. ಸಾಮಾನು ಕಟ್ಟುವ ಮೊದಲೇ ಬಾಯಿಬಿಟ್ಟು ಹೇಳಬೇಕು. ಹೇಳಲು ನಾಚಿಕೊಂಡ ಸಲ ನಾನು ಎಂಟು ದಿನ ಪೀನಟ್ ಬಟರ್ ಮೇಲೆ ಬದುಕಿದೆ. ಆಮೇಲೆ ಅಮ್ಮನ ಚಟ್ನಿಪುಡಿ ಒಯ್ದೆ. ಮೂರನೇ ದಿನಕ್ಕೆ ಇಡೀ ತಂಡ ಅದನ್ನು ಮೊಟ್ಟೆ ಮೇಲೆ ಉದುರಿಸಿಕೊಂಡು ಖಾಲಿ ಮಾಡಿತು. ಎರಡು ಡಬ್ಬ ಕಟ್ಟಿಕೊಡಿ.

ಬ್ಯಾಕ್‌ಕಂಟ್ರಿ ಬೇರೆಯದೇ ಲೋಕ. ಐದಾರು ತಿಂಗಳು ಯೊಸೆಮಿಟಿಯಂಥ ಕಡೆ ಬೆಟ್ಟದ ಒಳಗೇ ವಾಸ, ದಾರಿ ರಿಪೇರಿ, ಕಲ್ಲಿನ ಮೆಟ್ಟಿಲು ಕಟ್ಟುವುದು. ದಿನಸಿ ಹೇಸರಗತ್ತೆ ಮೇಲೆ ಬರುತ್ತದೆ. ಪತ್ರವೂ ಅದರ ಮೇಲೇ. ಅದನ್ನು ಮೊದಲ ವರ್ಷವೇ ಆಸೆಪಡುವುದಕ್ಕಿಂತ ಸೆಂಟರ್‌ನಲ್ಲಿ ಸ್ವಲ್ಪ ಪಳಗಿ ಹೋಗುವುದು ಮೇಲು ಅನ್ನುವುದು ನನ್ನ ಅಭಿಪ್ರಾಯ.

ಕೇಳಿದ ತಾಯಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಯಾಕೆ ಹೋಗುತ್ತೀಯಾ ಅಂತ ಕೇಳಿದೆ, ಅಡುಗೆಮನೆಯಲ್ಲಿ, ಇಬ್ಬರೇ ಇದ್ದಾಗ. "ಏನಾದರೂ ಒಂದು ಕೆಲಸ ಪೂರ್ತಿ ಮುಗಿಸಿ ನೋಡಬೇಕು" ಅಂದ. ಹೊಳೆಯ ದಿಮ್ಮಿ ಕಥೆ ಅವರಪ್ಪನಿಗೂ ಓದಿ ಹೇಳಿದೆ. ಏನೂ ಅನ್ನಲಿಲ್ಲ, ಬೂಟಿಗೆ ಎಷ್ಟಾಗುತ್ತದೆ ಅಂತ ಕೇಳಿದರು. ಇನ್ನೊಂದೇ ಪ್ರಶ್ನೆ: ದಿನಾ ಫೋನ್ ಮಾಡಬಹುದಾ?

ಫೋರ್ಚೂನಾದವಳು

ಸೆಂಟರ್‌ನಲ್ಲಿದ್ದಾಗ ಮಾಡಬಹುದು ಆಂಟಿ, ಸ್ಪೈಕ್‌ಗೆ ಹೋದರೆ ಸಿಗ್ನಲ್ ಇರಲ್ಲ. ಹೊರಡುವ ದಿನ, ವಾಪಸ್ ಬರುವ ದಿನ ಮೊದಲೇ ತಿಳಿಸು ಅಂತ ಅವನಿಗೆ ಹೇಳಿ, ನೀವು ಬರೆದು ಫ್ರಿಜ್ ಮೇಲೆ ಅಂಟಿಸಿಕೊಳ್ಳಿ, ನಡುವೆ ಗಾಬರಿ ಬೀಳಬೇಡಿ. ಚಟ್ನಿಪುಡಿ ಜೊತೆ ಕಿವಿಗೆ ಹಾಕುವ ಫೋಮ್ ಪ್ಲಗ್ ಒಂದು ಪ್ಯಾಕೆಟ್ ಇಡಿ. ರೂಮಲ್ಲಿ ಒಬ್ಬನಾದರೂ ಗೊರಕೆ ಹೊಡೆಯುವವನು ಇದ್ದೇ ಇರುತ್ತಾನೆ.