ಕಪ್ಪು ಇಲಿಯನ್ನು ‘ರೋಗನಿರೋಧಕ ತಳಿ’ ಎನ್ನಬಹುದೇ?

ಪ್ರಶ್ನೆ (ವಿಜಯಪುರ, ಎಂ.ಎಸ್ಸಿ. ಸೂಕ್ಷ್ಮಜೀವಿಶಾಸ್ತ್ರ):
ಎಲ್ಲರಿಗೂ ನಮಸ್ಕಾರ. ಸೆಮಿನಾರಿಗಾಗಿ ಇಲಿ ಸಿಡುಬಿನ ಬಗ್ಗೆ ಓದುತ್ತಿದ್ದೇನೆ. ಆ ರೋಗ ತರುವ ಎಕ್ಟ್ರೋಮೀಲಿಯಾ ವೈರಾಣುವನ್ನು ಪಾದಕ್ಕೆ ಚುಚ್ಚಿದಾಗ ಬಾಲ್ಬ್-ಸಿ ತಳಿಯ ಬಿಳಿ ಇಲಿಗಳು ಯಕೃತ್ತು ಹಾಳಾಗಿ ಸಾಯುತ್ತವೆ. ಅಷ್ಟೇ ಪ್ರಮಾಣ ಕೊಟ್ಟರೂ ಸಿ57 ಬ್ಲ್ಯಾಕ್-6 ತಳಿಯ ಕಪ್ಪು ಇಲಿಗಳು ಬದುಕುತ್ತವೆ. ಹಾಗಾದರೆ ಕಪ್ಪು ತಳಿಯನ್ನು ‘ರೋಗನಿರೋಧಕ ತಳಿ’ ಎಂದು ಸ್ಲೈಡಿನಲ್ಲಿ ಬರೆಯಬಹುದೇ?

ಉತ್ತರ 1 (ಬೆಳಗಾವಿ, ನಿವೃತ್ತ ಅಧ್ಯಾಪಕ):
ತಂಗಿ, ಯಾವ ವೈರಾಣುವಿಗೆ ಎಂಬುದನ್ನು ಸೇರಿಸದೆ ಆ ಮಾತನ್ನು ಬರೆಯಬೇಡಿ. ಅದೇ ಕಪ್ಪು ಇಲಿ ಇಲಿಗಳ ಸೈಟೊಮೆಗಾಲೊವೈರಸ್ಸನ್ನೂ ತಡೆದುಕೊಳ್ಳುತ್ತದೆ, ಏಕೆಂದರೆ ಅದರ ಎನ್‌ಕೆ ಕೋಶಗಳ (ಸೋಂಕಿತ ಕೋಶಗಳನ್ನು ಕೊಲ್ಲುವ ರಕ್ಷಣಾ ಕೋಶಗಳು) ಮೇಲಿರುವ ಎಲ್‌ವೈ49ಎಚ್ ಎಂಬ ಗ್ರಾಹಿಯು ಸೋಂಕಿತ ಕೋಶವನ್ನು ನೇರವಾಗಿ ಗುರುತು ಹಿಡಿಯುತ್ತದೆ; ಬಾಲ್ಬ್-ಸಿಗೆ ಆ ಗ್ರಾಹಿ ಇಲ್ಲ. ಆದರೆ ವೆಸ್ಟ್ ನೈಲ್ ವೈರಾಣುವಿನ ಮುಂದೆ ಇದೇ ಕಪ್ಪು ಇಲಿ ಸೋಲುತ್ತದೆ, ಏಕೆಂದರೆ ಈ ವೈರಾಣುವನ್ನು ತಡೆಯಬೇಕಾದ ಅದರ ಒಎಎಸ್1ಬಿ ಜೀನು ನಡುವೆಯೇ ತುಂಡಾದ ಪ್ರೋಟೀನನ್ನು ಕೊಡುತ್ತದೆ. (ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ವೈರಾಣುವೂ ವೆಸ್ಟ್ ನೈಲ್‌ನ ಕುಟುಂಬದ್ದೇ.)

ಇನ್‌ಫ್ಲುಯೆಂಜಾದ ಕಥೆ ಇನ್ನೂ ಸೊಗಸಾಗಿದೆ. ಇಂಟರ್‌ಫೆರಾನ್ (ವೈರಾಣು ತಡೆಯಲು ಕೋಶಗಳು ಸ್ರವಿಸುವ ಪ್ರೋಟೀನು) ಕಂಡುಹಿಡಿದ ಇಬ್ಬರಲ್ಲಿ ಒಬ್ಬರಾದ ಜೀನ್ ಲಿಂಡೆನ್‌ಮನ್, ಎ2ಜಿ ತಳಿಯ ಇಲಿಗಳು ಈ ವೈರಾಣುವಿಗೆ ಬಗ್ಗುವುದಿಲ್ಲವೆಂದು 1962ರಲ್ಲಿ ವರದಿ ಮಾಡಿದರು. ಆ ಗುಣ ಒಂದೇ ಪ್ರಬಲ ಜೀನಿನದು, ಹೆಸರು ಎಂಎಕ್ಸ್1. ಆದ್ದರಿಂದ ಎ2ಜಿಯನ್ನು ದುರ್ಬಲ ತಳಿಯೊಡನೆ ಕೂಡಿಸಿದರೆ ಮೊದಲ ಪೀಳಿಗೆಯ ಮರಿಗಳೆಲ್ಲ ಉಳಿಯುತ್ತವೆ, ಆ ಮರಿಗಳನ್ನು ಮತ್ತೆ ದುರ್ಬಲ ತಳಿಗೇ ಕೂಡಿಸಿದರೆ ಸುಮಾರು ಅರ್ಧದಷ್ಟು ಮಾತ್ರ. ಪ್ರಯೋಗಾಲಯದ ಬಹುತೇಕ ತಳಿಗಳಲ್ಲಿ, ಬ್ಲ್ಯಾಕ್-6ರಲ್ಲೂ, ಈ ಜೀನು ಕೆಟ್ಟುಹೋಗಿದೆ. ಅಂದರೆ ನಾವು ‘ಸಾಮಾನ್ಯ ಇಲಿ’ ಎಂದು ಕರೆಯುವುದೇ, ನನ್ನ ದೃಷ್ಟಿಯಲ್ಲಿ, ಅಂಗಹೀನ ಇಲಿ.

ಉತ್ತರ 2 (ಬಾಗಲಕೋಟೆ, ಸಂಶೋಧನಾ ವಿದ್ಯಾರ್ಥಿ):
ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಇಲಿ ಸಿಡುಬಿನಲ್ಲಿಯೇ ವಯಸ್ಸನ್ನೂ ಸೋಂಕು ಹೊಗುವ ದಾರಿಯನ್ನೂ ನಮೂದಿಸಬೇಕು. ಪಾದದ ಚುಚ್ಚುಮದ್ದನ್ನು ತಾಳಿಕೊಳ್ಳುವ ಕಪ್ಪು ಇಲಿ, ಮೂಗಿನ ಮೂಲಕ ವೈರಾಣು ಹೊಕ್ಕರೆ ಸಾಯಬಹುದು. ಮುಪ್ಪಾದ ಕಪ್ಪು ಇಲಿಗಳಂತೂ ಪಾದದ ಸೋಂಕಿಗೂ ತುತ್ತಾಗುತ್ತವೆ. ನಮ್ಮ ಪ್ರಾಣಿಗೃಹದ ಪಂಜರಕ್ಕೆ ತೂಗುಹಾಕಿದ ಚೀಟಿಯಲ್ಲಿ ತಳಿ, ಲಿಂಗ, ಹುಟ್ಟಿದ ದಿನಾಂಕ ಮೂರನ್ನೂ ಬರೆಯುವುದು ಸುಮ್ಮನೆ ಅಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಸ್ಲೈಡನ್ನು ಹೀಗೆ ತಿದ್ದಿದ್ದೇನೆ: ‘ಹರೆಯದ ಬ್ಲ್ಯಾಕ್-6 ಇಲಿಗಳು, ಪಾದದ ಮೂಲಕ ಕೊಟ್ಟ ಎಕ್ಟ್ರೋಮೀಲಿಯಾ ವೈರಾಣುವಿಗೆ ನಿರೋಧಕ.’ ಸಾಲು ಉದ್ದವಾಯಿತು, ಅಕ್ಷರದ ಗಾತ್ರ ಇಳಿಸಬೇಕಾಯಿತು.