ಬಾರ್ನೆಟ್ ತೆಳ್ಳಗಾಗಿದೆ!

ಲಂಡನ್ನಿಂದ ರಜಕ್ಕೆ ಬಂದಿದ್ದ ಮೂರ್ತಿ ಹೋಟೆಲಿನಲ್ಲಿ ಕೂತವನೇ ಸುಬ್ಬುವಿನ ಕಡೆ ನೋಡಿ, "ಏನೋ, ಬಾರ್ನೆಟ್ ತೆಳ್ಳಗಾಗಿದೆಯಲ್ಲೋ!" ಅಂದ.

ಸುಬ್ಬು ಖುಷಿಯಿಂದ ಹೊಟ್ಟೆ ಸವರಿಕೊಂಡ. "ನಮ್ಮನೆಯವಳು ನಂಬಲ್ಲ, ನೀನೇ ಬಂದು ಹೇಳಪ್ಪ."

"ಹೊಟ್ಟೆಯಲ್ಲ ಮಾರಾಯ, ಕೂದಲು! ಲಂಡನ್ನಿನ ಉತ್ತರಕ್ಕೆ ಬಾರ್ನೆಟ್ ಅಂತ ಊರು. ಅಲ್ಲಿನ ಜಾತ್ರೆಗೆ 1588ರಲ್ಲಿ ಎಲಿಜಬೆತ್ ರಾಣಿಯೇ ಸನ್ನದು ಕೊಟ್ಟಿದ್ದಳು. ದನ, ಕುದುರೆ ಭರ್ಜರಿ ವ್ಯಾಪಾರ. ಅದು ಬಾರ್ನೆಟ್ ಫೇರ್. ಫೇರ್‌ಗೆ ಹೇರ್ ಪ್ರಾಸ ಕೂಡ್ತಾ? ಆಮೇಲೆ ಫೇರನ್ನ ಕತ್ತರಿಸಿ ಬಿಸಾಕಿದರು. ಕೂದಲಿಗೆ ಉಳಿದದ್ದು ಬಾರ್ನೆಟ್."

"ಕಷ್ಟಪಟ್ಟು ಪ್ರಾಸ ಕೂಡಿಸೋದು, ಕೂಡಿದ ತುಂಡನ್ನೇ ಬಿಸಾಕೋದು! ಇದೆಂಥ ಬುದ್ಧಿರೀ?" ಅಂದಳು ಜೊತೆಗಿದ್ದ ಗೀತಾ.

"ಹೊರಗಿನವರಿಗೆ ತಲೆಬುಡ ತಿಳೀಬಾರದಲ್ಲ! ಲಂಡನ್ನಿನ ಈಸ್ಟ್ ಎಂಡಿನ ತಳ್ಳುಗಾಡಿಯವರ ಮಾತು. ಪೊಲೀಸರ ಕಿವಿ ತಪ್ಪಿಸೋಕೆ ಕಟ್ಟಿದ್ದು ಅಂತಾರೆ. ಆದರೆ ಹಾಟನ್ ಅನ್ನೋನು 1859ರಲ್ಲೇ ಇಂಥ ಮಾತುಗಳನ್ನ ಡಿಕ್ಷನರಿಯಲ್ಲಿ ಅಚ್ಚು ಹಾಕಿಸಿಬಿಟ್ಟ."

"ಪೊಲೀಸರೇ ಮೊದಲು ಕೊಂಡಿರ್ತಾರೆ ಬಿಡು."

"ಲೋಫ್ ಆಫ್ ಬ್ರೆಡ್ ಅಂದರೆ ಹೆಡ್. ಅದಕ್ಕೇ 'ಯೂಸ್ ಯುವರ್ ಲೋಫ್', ತಲೆ ಓಡಿಸೋ ಅಂತ. ಪ್ಲೇಟ್ಸ್ ಆಫ್ ಮೀಟ್ ಅಂದರೆ ಫೀಟ್. ಖೈಬರ್ ಪಾಸನ್ನೂ ಬಿಟ್ಟಿಲ್ಲ."

"ಅದ್ಯಾವ ಅಂಗ?"

"ನೀನು ಅದರ ಮೇಲೇ ಕೂತಿದ್ದೀಯ."

ಸುಬ್ಬು ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕೂತ. "ಥೂ! ಬ್ರಿಟಿಷರು ಸೈನ್ಯ ಸಮೇತ ಆಫ್ಘಾನಿಸ್ತಾನಕ್ಕೆ ಹೋಗಿಬಂದ ಕಣಿವೆ ದಾರಿಗೆ ಈ ಮರ್ಯಾದೆಯೇ?"

ನಮ್ಮಲ್ಲೂ ಇಂಥದ್ದು ಕಟ್ಟೋಣ ಅಂತ ಶುರುವಾಯ್ತು. ಗೀತಾ ಕನ್ನಡ ಎಂ.ಎ. "ಹಳೆ ಕಾವ್ಯದ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ ಕೂತಿರುತ್ತೆ. ಬಾಲ ಕತ್ತರಿಸಿದರೂ ಗುಟ್ಟು ರಟ್ಟು" ಅಂತ ತಕರಾರು ತೆಗೆದಳು. ಕೊನೆಗೆ ಅಂತ್ಯಪ್ರಾಸಕ್ಕೇ ರಾಜಿಯಾದಳು. ಮೂಗಿಗೆ ರೈಲಿನ ಕೂಗು, ಆದ್ದರಿಂದ ಮೂಗು ರೈಲಾಯ್ತು. ಕಾಲಿಗೆ ಹಸುವಿನ ಹಾಲು, ಕಾಲು ಹಸುವಾಯ್ತು. ಮೂರ್ತಿ ಮೇಜಿನ ಕೆಳಗೆ ಕಾಲು ಝಾಡಿಸುತ್ತಾ, "ಹಸು ಜೋಮು ಹಿಡಿದಿದೆ, ರೈಲಿಗೆ ಬೇರೆ ನೆಗಡಿ" ಅಂದ. ಪಕ್ಕದ ಮೇಜಿನ ಹಿರಿಯರು ತಟ್ಟೆ ಎತ್ತಿಕೊಂಡು ಆಚೆ ಹೋಗಿ ಕೂತರು.

ಹೊಟ್ಟೆಗೆ ಸುಬ್ಬುವೇ ಕೋಳಿಮೊಟ್ಟೆ ತಂದ. ಮೊಟ್ಟೆ ಹೋಗಿ ಕೋಳಿ ಉಳೀತು. ಅಷ್ಟರಲ್ಲಿ ಸಪ್ಲೈಯರ್ ಬಂದ. ಸುಬ್ಬು ಗಂಭೀರವಾಗಿ, "ಬೇಗ ಏನಾದರೂ ಕೊಡಪ್ಪ, ನನ್ನ ಕೋಳಿ ತುಂಬಾ ಹಸಿದಿದೆ" ಅಂದ.

ಆತ ಬಗ್ಗಿ ಮೇಜಿನ ಕೆಳಗೆ ನೋಡಿದ. "ಸಾರ್, ಇದು ಪ್ಯೂರ್ ವೆಜ್ಜು. ಅದನ್ನ ಹೊರಗೆ ಕಟ್ಟಿಬನ್ನಿ."